ಮೂರು ಕೌನ್ಸಿಲ್ ಸೇರಿ ಒಂದೇ ಟೆಂಡರ್: ಅಮ್ಮನ ಕೇರರ್ ಬದಲಾಗುತ್ತಾರಂತೆ, ಏನು ಮಾಡೋದು?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಅಮ್ಮನಿಗೆ 82. ಅಪ್ಪ 1974ರಲ್ಲಿ ಇಲ್ಲಿ ಇಂಗ್ಲೆಂಡಿನ ಆಸ್ಪತ್ರೆಗೆ ಡಾಕ್ಟರಾಗಿ ಬಂದಾಗ ಜೊತೆಗೆ ಬಂದವರು. ಅಪ್ಪ ತೀರಿಕೊಂಡು ಆರು ವರ್ಷ ಆಯಿತು. ಮೂರು ವರ್ಷದಿಂದ ಅಮ್ಮನಿಗೆ ಡಿಮೆನ್ಶಿಯಾ. ಐವತ್ತು ವರ್ಷ ಇಂಗ್ಲಿಷಿನಲ್ಲೇ ಅಂಗಡಿ, ಬ್ಯಾಂಕು, ನೆರೆಹೊರೆ ಎಲ್ಲ ನಿಭಾಯಿಸಿದವರು. ಈಗ ಇಂಗ್ಲಿಷ್ ಪೂರ್ತಿ ಕಳಚಿ ಬಿದ್ದಿದೆ. ಶಿವಮೊಗ್ಗದ ಕನ್ನಡ ಮಾತ್ರ ಉಳಿದಿದೆ.

ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ) ಕಡೆಯಿಂದ ದಿನಕ್ಕೆ ನಾಲ್ಕು ಸಲ ಕೇರರ್, ಅಂದರೆ ಆರೈಕೆ ಮಾಡುವವರು, ಬರುತ್ತಾರೆ. ಸಣ್ಣ ಏಜೆನ್ಸಿ. ನಮ್ಮ ಪುಣ್ಯಕ್ಕೆ ಬೆಳಗ್ಗೆ ಬರುವ ಹುಡುಗಿ ದಾವಣಗೆರೆಯವಳು. ಬಾಗಿಲ ಪಕ್ಕದ ಕೀ ಸೇಫ್ (ಕೀಲಿ ಇಡುವ ಪುಟ್ಟ ಪೆಟ್ಟಿಗೆ) ಕಟಕ್ ಅಂದ ಕೂಡಲೇ ಅಮ್ಮ ಒಳಗಿನಿಂದಲೇ 'ಬಂದ್ಯಾ?' ಅಂತ ಕೂಗುತ್ತಾರೆ. ಅವಳು ಬಂದರೆ ಸ್ನಾನ. ಬೇರೆ ಯಾರಾದರೂ ಬಂದರೆ ಸೆರಗು ಬಿಗಿಯಾಗಿ ಹಿಡಿದುಕೊಂಡು ಕೂತುಬಿಡುತ್ತಾರೆ. ಅವರು ಫೋನಿನ ಆ್ಯಪ್‌ನಲ್ಲಿ 'ಸ್ನಾನ ಬೇಡ ಎಂದರು' ಅಂತ ಒತ್ತಿ ಹೋಗುತ್ತಾರೆ.

ಹೋದ ವಾರ ಪತ್ರ ಬಂತು. ನಮ್ಮ ಕೌನ್ಸಿಲ್ಲೂ ಪಕ್ಕದ ಎರಡು ಕೌನ್ಸಿಲ್‌ಗಳೂ ಸೇರಿ ಮನೆ ಆರೈಕೆಗೆ ಜಂಟಿ ಕಮಿಷನಿಂಗ್ ಮಾಡುತ್ತಿವೆಯಂತೆ. ನಿಮ್ಮ ಪ್ರೊವೈಡರ್ (ಕೇರರ್ ಕಳಿಸುವ ಏಜೆನ್ಸಿ) ಬದಲಾಗಬಹುದು ಅಂತ ಒಂದು ಸಾಲು. ಯಾಕೆ, ಯಾವಾಗ, ಯಾರು ಬರುತ್ತಾರೆ, ಏನೂ ಇಲ್ಲ. ಇದು ಗೊತ್ತಿರುವವರು ಯಾರಾದರೂ ಇದ್ದೀರಾ? ತಡೆಯೋಕೆ ಆಗುತ್ತಾ?

ಬೆಣ್ಣೆದೋಸೆ ಯುಕೆ
ಕಮಿಷನಿಂಗ್ ಅಂತ ಓದಿ ಒಂದು ಕ್ಷಣ ನಮ್ಮೂರಿನ ಕಮಿಷನ್ ಅಂದುಕೊಂಡೆ. ಎಷ್ಟು ಪರ್ಸೆಂಟ್ ಅಂತ ಕೇಳೋಣ ಅನ್ನಿಸಿತು.

ತಮಾಷೆಗೆ ಅಂದೆ ಅಕ್ಕ. ಅಮ್ಮ ಹುಷಾರಾಗಿರಲಿ.

ಫೈಲು ನೋಡುವವ
ತುಂಗಾ ಅವರೇ, ನಾನು ಇಂಥದ್ದೇ ಒಂದು ಕಮಿಷನಿಂಗ್ ಟೀಮಿನಲ್ಲಿದ್ದೇನೆ. ನಿಮ್ಮ ಕೌನ್ಸಿಲ್ ಅಲ್ಲ. ಎಲ್ಲರೂ ಬೈಯುವ ಮೊದಲು ನಮ್ಮ ಕಡೆಯ ಮಾತು ಹೇಳಿಬಿಡ್ತೀನಿ.

ಕಮಿಷನಿಂಗ್ ಅಂದರೆ ಬರೀ ಟೆಂಡರ್ ಅಲ್ಲ. ಊರಲ್ಲಿ ಎಷ್ಟು ಜನಕ್ಕೆ ಎಂಥ ಆರೈಕೆ ಬೇಕು, ಅದನ್ನು ಯಾರು ಕೊಡಬಲ್ಲರು, ಎಷ್ಟು ದುಡ್ಡಿದೆ ಅಂತ ಲೆಕ್ಕ ಹಾಕಿ ಏರ್ಪಾಡು ಮಾಡೋದು. ಟೆಂಡರ್ ಕರೆದು ಕೊಳ್ಳುವ ಪ್ರೊಕ್ಯೂರ್‌ಮೆಂಟ್ ಅದರೊಳಗಿನ ಒಂದು ಭಾಗ. ಇಂಗ್ಲೆಂಡಿನಲ್ಲಿ 2014ರ ಕೇರ್ ಆ್ಯಕ್ಟ್ ಪ್ರಕಾರ ಆರೈಕೆಯ ಮಾರುಕಟ್ಟೆ ಚೆನ್ನಾಗಿರೋ ಹಾಗೆ ನೋಡಿಕೊಳ್ಳೋದೂ ಕೌನ್ಸಿಲ್ಲಿನ ಜವಾಬ್ದಾರಿ. ಸೆಕ್ಷನ್ 5.

ಮೂವರು ಯಾಕೆ ಸೇರುತ್ತಾರೆ ಅಂದರೆ, ರಸ್ತೆಯ ಈಚೆ ಒಂದು ಕೌನ್ಸಿಲ್, ಆಚೆ ಇನ್ನೊಂದು. ಗಂಟೆಗೆ ಒಬ್ಬರು ಒಂದು ಪೌಂಡ್ ಜಾಸ್ತಿ ಕೊಟ್ಟರೆ ಸಾಕು, ಏಜೆನ್ಸಿಗಳೆಲ್ಲ ಆಚೆ ದಾಟುತ್ತವೆ. ಈಚೆ ಇರುವ ಅಜ್ಜಿ ಆಸ್ಪತ್ರೆ ಮಂಚದಲ್ಲೇ ಉಳಿಯುತ್ತಾರೆ, ಮನೆಗೆ ಕಳಿಸೋಕೆ ಕೇರರ್ ಸಿಗಲ್ಲ. ಒಂದೇ ಆಸ್ಪತ್ರೆಯ ಡಿಸ್ಚಾರ್ಜ್ ಟೀಮು ಮೂರು ಕೌನ್ಸಿಲ್ಲಿನ ಮೂರು ಥರದ ಫಾರಂ ತುಂಬಬೇಕು. ಸೇರಿ ಕೊಂಡರೆ ಒಂದೇ ದರ, ಒಂದೇ ಫಾರಂ, ಒಂದೇ ತಪಾಸಣೆ.

ಲೋಕೋಪಯೋಗಿ ನಿವೃತ್ತ
ನಾನು ಲೋಕೋಪಯೋಗಿ ಇಲಾಖೆಯಲ್ಲಿ 31 ವರ್ಷ ಇದ್ದವನು. ಈಗ ರೆಡಿಂಗಿಗೆ ಮಗನ ಮನೆಗೆ ಬಂದಿದ್ದೇನೆ. ಹೊರಗೆ ಮಳೆ, ಅದಕ್ಕೇ ಬರೆಯುತ್ತಿದ್ದೇನೆ.

ಇದು ನಮ್ಮ ಪ್ಯಾಕೇಜ್ ಟೆಂಡರ್ ಕಥೆಯೇ. ಹತ್ತು ಸಣ್ಣ ಕೆಲಸ ಕೂಡಿಸಿ ಒಂದು ಪ್ಯಾಕೇಜ್ ಮಾಡಿದರೆ ಸಣ್ಣ ಗುತ್ತಿಗೆದಾರನಿಗೆ ಇಎಂಡಿ (ಟೆಂಡರಿನ ಠೇವಣಿ) ಕಟ್ಟೋಕೇ ಆಗಲ್ಲ. ದೊಡ್ಡವನು ಹಿಡಿಯುತ್ತಾನೆ. ಆಮೇಲೆ ಅದೇ ಸಣ್ಣವನನ್ನು ಕರೆದು ಕಡಿಮೆ ದರಕ್ಕೆ ತುಂಡು ಗುತ್ತಿಗೆ ಕೊಡುತ್ತಾನೆ. ಅತ್ತ ಕರ್ನಾಟಕದಲ್ಲಿ ಟೆಂಡರಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ, ಎಲ್-1 ಇದೆ, ಎಲ್ಲ ಕಾಗದ ಸರಿಯಾಗಿರುತ್ತದೆ. ರಸ್ತೆ ಮಾತ್ರ ಮೊದಲ ಮಳೆಗೇ ಹೋಗುತ್ತದೆ.

ಫೈಲು ನೋಡುವವ
ಸರ್, ಇಲ್ಲಿ ಎಲ್-1 ಇಲ್ಲ. ಕಡಿಮೆ ದರ ಹಾಕಿದವನಿಗೇ ಕೊಡಬೇಕು ಅನ್ನುವ ನಿಯಮ ಇಲ್ಲ. 2023ರ ಪ್ರೊಕ್ಯೂರ್‌ಮೆಂಟ್ ಆ್ಯಕ್ಟ್ 2025ರ ಫೆಬ್ರವರಿ 24ರಿಂದ ಜಾರಿಯಲ್ಲಿದೆ. ಮೊದಲು 'ಆರ್ಥಿಕವಾಗಿ ಅತ್ಯಂತ ಅನುಕೂಲದ ಟೆಂಡರ್' ಅಂತ ಇತ್ತು. ಈಗ 'ಆರ್ಥಿಕವಾಗಿ' ಅನ್ನೋ ಪದವನ್ನೇ ತೆಗೆದಿದ್ದಾರೆ. ಗುಣಮಟ್ಟ, ಬೆಲೆ, ಊರಿಗೆ ಏನು ಲಾಭ, ಎಲ್ಲಕ್ಕೂ ಅಂಕ ಇರುತ್ತೆ. ಆರೈಕೆಗೆ ನಿಯಮ ಇನ್ನೂ ಸಡಿಲ, ಲೈಟ್ ಟಚ್ ಅಂತಾರೆ. 6,63,540 ಪೌಂಡ್ ದಾಟಿದ ಗುತ್ತಿಗೆಗೆ ಮಾತ್ರ ಆ ನಿಯಮ ಬರುತ್ತೆ.

ಹದಿನಾಲ್ಕು ಜನರ ಕಂಪನಿ
ಗುಣಮಟ್ಟಕ್ಕೆ ಅಂಕ! ನನಗೆ ನಗು ಬಂತು.

ನಾನೂ ನನ್ನ ಹೆಂಡತಿಯೂ ಸೇರಿ ಒಂದು ಏಜೆನ್ಸಿ ನಡೆಸುತ್ತೇವೆ. ಹದಿನಾಲ್ಕು ಕೇರರ್. ಹೋದ ವರ್ಷ ಇಂಥದೇ ಜಂಟಿ ಟೆಂಡರ್ ಹಾಕಿದೆವು. ಒಂಬತ್ತು ಪ್ರಶ್ನೆ, ಒಂದೊಂದಕ್ಕೂ ಸಾವಿರ ಪದ. 'ಸೇವಾ ಬಳಕೆದಾರರ ಸಾಂಸ್ಕೃತಿಕ ಅಗತ್ಯಗಳಿಗೆ ಹೇಗೆ ಸ್ಪಂದಿಸುವಿರಿ?' ನಮ್ಮ ಕೇರರ್‌ಗಳು ಅಜ್ಜನ ಜೊತೆ ಗುಜರಾತಿಯಲ್ಲಿ ಮಾತಾಡುತ್ತಾರೆ, ಅವರಿಗೆ ಖಿಚಡಿ ಮಾಡಿಕೊಡುತ್ತಾರೆ ಅಂತ ಬರೆದೆ. ಹತ್ತಕ್ಕೆ ನಾಲ್ಕು ಬಂತು. 'ಪುರಾವೆ ಸಾಲದು' ಅಂತ ಷರಾ. ದೊಡ್ಡ ಕಂಪನಿಯಲ್ಲಿ ಟೆಂಡರ್ ಬರೆಯೋಕೇ ಸಂಬಳ ಕೊಟ್ಟು ಜನ ಇಟ್ಟಿರುತ್ತಾರೆ. ಅವರು ಚಿತ್ರ, ಬಾಣ, ಡಬ್ಬಿ ಎಲ್ಲ ಹಾಕಿ ಬರೆಯುತ್ತಾರೆ. ಅಂಕ ಬರೋದು ಆರೈಕೆಗಲ್ಲ ಸ್ವಾಮಿ, ಪ್ರಬಂಧಕ್ಕೆ.

ಇನ್ನು ದರ. 2025ರ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಆಯಿತು. ಅದೇ ತಿಂಗಳು ಮಾಲೀಕರು ಸರ್ಕಾರಕ್ಕೆ ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ಕಂತು ಸಂಬಳದ 13.8ರಿಂದ 15 ಪರ್ಸೆಂಟ್ ಆಯಿತು. ಮೊದಲು ವರ್ಷಕ್ಕೆ 9,100 ಪೌಂಡ್ ಸಂಬಳದ ತನಕ ಕಟ್ಟಬೇಕಿರಲಿಲ್ಲ, ಈಗ 5,000 ದಾಟಿದರೆ ಶುರು. ಇದರ ಮೇಲೆ ರಜೆ ಸಂಬಳ, ಪಿಂಚಣಿ, ಮನೆಯಿಂದ ಮನೆಗೆ ಹೋಗುವ ಸಮಯದ ಕೂಲಿ, ಪೆಟ್ರೋಲು, ತರಬೇತಿ, ಆಫೀಸು. ನಮ್ಮಂಥ ಏಜೆನ್ಸಿಗಳ ಸಂಘ ಹೋಮ್‌ಕೇರ್ ಅಸೋಸಿಯೇಷನ್ ಲೆಕ್ಕದ ಪ್ರಕಾರ 2025-26ಕ್ಕೆ ಇಂಗ್ಲೆಂಡಿನಲ್ಲಿ ಗಂಟೆಗೆ ಕನಿಷ್ಠ 32.14 ಪೌಂಡ್ ಬೇಕಿತ್ತು. ನಮಗೆ ಕೌನ್ಸಿಲ್ ಕೊಟ್ಟಿದ್ದು 23. ಉಳಿದದ್ದು ಎಲ್ಲಿಂದ ತರಲಿ?

ನೈಟ್ ಶಿಫ್ಟ್
ಎಲ್ಲಿಂದ ತರ್ತಾರೆ ಅಂತ ನಾನು ಹೇಳ್ತೀನಿ. ನಮ್ಮಿಂದ.

ನಾನು ಕೇರರ್. ಹಾವೇರಿ ಕಡೆಯವನು, 2023ರಲ್ಲಿ ಬಂದೆ. ಬೆಳಗ್ಗೆ 6:40ಕ್ಕೆ ಮನೆ ಬಿಟ್ಟರೆ ರಾತ್ರಿ ಹತ್ತೂವರೆಗೆ ವಾಪಸ್. ಆದರೆ ಸಂಬಳ ಬರೋದು ಏಳು ತಾಸಿನ ಕೆಲಸಕ್ಕೆ ಮಾತ್ರ, ಯಾಕೆಂದರೆ ಬಾಗಿಲೊಳಗಿನ ನಿಮಿಷಗಳಿಗಷ್ಟೇ ಲೆಕ್ಕ. ಒಳಗೆ ಹೋಗುವಾಗ ಫೋನಿನಲ್ಲಿ ಕ್ಯೂಆರ್ ಕೋಡ್ ಒತ್ತಬೇಕು, ಹೊರಡುವಾಗ ಇನ್ನೊಂದು ಸಲ. ನಡುವೆ ಬಸ್ ಸ್ಟಾಪಿನಲ್ಲಿ ನಿಂತದ್ದು ಯಾರ ಲೆಕ್ಕಕ್ಕೂ ಇಲ್ಲ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗೋ ಸಮಯಕ್ಕೂ ಕನಿಷ್ಠ ಕೂಲಿ ಸಿಗಬೇಕು ಅಂತ ಕಾನೂನಿದೆ. ಕೇಳೋಕೆ ಹೋದರೆ ವೀಸಾ ನೆನಪು ಮಾಡ್ತಾರೆ. ಯಾವ ಕಂಪನಿ ಅಂತ ಕೇಳಬೇಡಿ.

ತುಂಗಾ ಅಕ್ಕ, ನಿಮ್ಮ ದಾವಣಗೆರೆ ಹುಡುಗಿ ವೀಸಾ ಮೇಲಿದ್ದರೆ ಅವಳಿಗೂ ಈಗ ನಿದ್ದೆ ಇರಲ್ಲ. ಏಜೆನ್ಸಿ ಗುತ್ತಿಗೆ ಕಳೆದುಕೊಂಡು ವೀಸಾಗೆ ಕೊಟ್ಟ ಸ್ಪಾನ್ಸರ್‌ಶಿಪ್ ನಿಲ್ಲಿಸಿದರೆ ಸಾಮಾನ್ಯವಾಗಿ 60 ದಿನದಲ್ಲಿ ಬೇರೆ ಸ್ಪಾನ್ಸರ್ ಹುಡುಕಬೇಕು. ಹೊರದೇಶದಿಂದ ಹೊಸ ಕೇರರ್ ತರಿಸೋದನ್ನು 2025ರ ಜುಲೈ 22ರಿಂದ ನಿಲ್ಲಿಸಿದ್ದಾರೆ. ಅದಕ್ಕೇ ಇಲ್ಲಿ ಇರುವವರಿಗೆ ಬೇಡಿಕೆ ಏನೋ ಇದೆ. ಆದರೂ ಎದೆ ಢವಢವ ಅನ್ನೋದು ತಪ್ಪಲ್ಲ.

ನೇರಮಾತು
ಒಂದು ಮಾತು ಕೇಳಲಾ? ನಿಮ್ಮನ್ನು ಹೆತ್ತ ತಾಯಿ. ಕೌನ್ಸಿಲ್ಲು, ಟೆಂಡರ್ರು, ಏಜೆನ್ಸಿ ಅಂತ ಯಾಕೆ ಒದ್ದಾಡೋದು? ಮನೆಗೆ ಕರೆದುಕೊಂಡು ಬಂದು ನೋಡಿಕೊಳ್ಳಬಹುದಲ್ವಾ?

ತುಂಗಾತೀರ
ನೇರಮಾತು ಅವರೇ, ಅಮ್ಮ ಇರೋದು ನನ್ನ ಮನೆಯಲ್ಲೇ. ನಾನು ಏಳಕ್ಕೆ ಕೆಲಸಕ್ಕೆ ಹೊರಡುತ್ತೇನೆ, ಆರಕ್ಕೆ ವಾಪಸ್. ರಾತ್ರಿ ಎರಡು ಸಲ ಎದ್ದು ಬಾತ್‌ರೂಮಿಗೆ ಕರೆದುಕೊಂಡು ಹೋಗೋದು ನಾನೇ. ಸಾಕಾ?

ಬೆಣ್ಣೆದೋಸೆ ಯುಕೆ
ನೇರಮಾತು ಗುರು, ನಿಮ್ಮ ತಾಯಿ ಎಲ್ಲಿದ್ದಾರೆ?

ನೇರಮಾತು
ಮೈಸೂರಲ್ಲಿ. ಹೋಮ್ ನರ್ಸ್ ಇದ್ದಾರೆ.

ಸರಿ. ತಪ್ಪಾಯಿತು. ಕ್ಷಮಿಸಿ ಮೇಡಂ.

ಗ್ಲಾಸ್ಗೋ ಗೌಡ್ರು
ನೀವು ಇಂಗ್ಲೆಂಡಿನವರು ಒಂದೊಂದು ಟೆಂಡರಿಗೂ ಇಷ್ಟು ಗಲಾಟೆ ಮಾಡ್ತೀರಿ. ಇಲ್ಲಿ ಸ್ಕಾಟ್ಲೆಂಡಿನಲ್ಲಿ 65 ದಾಟಿದವರಿಗೆ ಪರ್ಸನಲ್ ಕೇರ್ (ಸ್ನಾನ, ಬಟ್ಟೆ, ಊಟಕ್ಕೆ ಸಹಾಯ) 2002ರಿಂದ ಉಚಿತ, 2019ರಿಂದ ಚಿಕ್ಕ ವಯಸ್ಸಿನವರಿಗೂ. ಆರೋಗ್ಯ ಇಲಾಖೆಯೂ ಕೌನ್ಸಿಲ್ಲೂ ಸೇರಿಯೇ ನಡೆಸಬೇಕು ಅಂತ 2014ರಲ್ಲೇ ಕಾನೂನು ಮಾಡಿದರು. 32 ಕೌನ್ಸಿಲ್‌ಗೆ 31 ಪಾಲುದಾರಿಕೆ. ಸ್ಟರ್ಲಿಂಗ್ ಮತ್ತು ಕ್ಲಾಕ್‌ಮನನ್‌ಶೈರ್ ಎರಡಕ್ಕೂ ಸೇರಿ ಒಂದೇ.

ಕುಡ್ಲ ಟು ಬೆಲ್‌ಫಾಸ್ಟ್
ಗೌಡ್ರೇ, ನಮ್ಮ ಉತ್ತರ ಐರ್ಲೆಂಡಿನಲ್ಲಿ 1973ರಿಂದಲೇ ಆರೋಗ್ಯ ಮತ್ತು ಆರೈಕೆ ಎರಡೂ ಒಂದೇ ಸೂರಿನಡಿ ಉಂಟು ಮಾರಾಯ್ರೆ. ಹಾಗಂತ ನನ್ನ ಅತ್ತೆಗೆ ಕೇರರ್ ಬೇಗ ಸಿಕ್ಕಿದರಾ? ಹನ್ನೊಂದು ವಾರ ಕಾದೆವು. ಬೋರ್ಡಿನಲ್ಲಿ 'ಜಂಟಿ' ಅಂತ ಬರೆದ ಮಾತ್ರಕ್ಕೆ ಸಾರಿಗೆ ಉಪ್ಪು ಹಿಡಿಯುವುದಿಲ್ಲ.

ಗ್ಲಾಸ್ಗೋ ಗೌಡ್ರು
ಕಾಯೋದು ಇಲ್ಲೂ ಇದೆ, ಒಪ್ಪಿದೆ. ಉಚಿತ ಅಂದೆ, ತಕ್ಷಣ ಅನ್ನಲಿಲ್ಲ.

ಇಂಜಿನಿಯರ್ ಮೊಗ್ಗು
ಇದೆಲ್ಲ ಸೆಕ್ಷನ್ 75 ಅಲ್ವಾ? ನಮ್ಮ ಆಫೀಸಿನಲ್ಲಿ ಯಾರೋ ಹೇಳ್ತಿದ್ದರು.

ಫೈಲು ನೋಡುವವ
ಅಲ್ಲ. ಸುಮಾರು ಜನಕ್ಕೆ ಇಲ್ಲೇ ಗೊಂದಲ. 2006ರ ಎನ್‌ಎಚ್‌ಎಸ್ ಕಾಯ್ದೆಯ ಸೆಕ್ಷನ್ 75 ಇರೋದು ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಮತ್ತು ಕೌನ್ಸಿಲ್ ದುಡ್ಡನ್ನು ಒಂದೇ ಹುಂಡಿಗೆ ಹಾಕೋಕೆ. 2015ರಲ್ಲಿ ಶುರುವಾದ ಬೆಟರ್ ಕೇರ್ ಫಂಡ್ ನಡೆಯೋದು ಅದರ ಮೇಲೆ. ತುಂಗಾ ಅವರ ಪತ್ರದಲ್ಲಿರೋದು ಕೌನ್ಸಿಲ್ ಕೌನ್ಸಿಲ್ ನಡುವಿನ ಏರ್ಪಾಡು. ಅದಕ್ಕೆ 1972ರ ಸ್ಥಳೀಯ ಸರ್ಕಾರ ಕಾಯ್ದೆ ಸಾಕು. ಒಬ್ಬರು ಮುಂದಾಳು ಆಗಿ ಎಲ್ಲರ ಪರವಾಗಿ ಟೆಂಡರ್ ಕರೆಯುತ್ತಾರೆ, ಸಿಬ್ಬಂದಿಯನ್ನೂ ಹಂಚಿಕೊಳ್ಳಬಹುದು.

ಆದರೆ ಒಂದು ನೆನಪಿಡಿ. ಎಷ್ಟು ಕೌನ್ಸಿಲ್ ಸೇರಿದರೂ ನಿಮ್ಮ ಅಮ್ಮನ ಅಗತ್ಯ ಪೂರೈಸುವ ಹೊಣೆ ನಿಮ್ಮ ಕೌನ್ಸಿಲ್ಲಿನದ್ದೇ. ಅದನ್ನು ಪಕ್ಕದವರ ತಲೆಗೆ ಕಟ್ಟೋಕೆ ಬರಲ್ಲ.

ಹಳೇ ಲಂಡನ್ನಿಗ
ಇಂಥ ಮದುವೆಗಳು ಎಷ್ಟು ದಿನ ಉಳಿಯುತ್ತವೆ ಅಂತಲೂ ನೋಡಬೇಕು. 2011ರಲ್ಲಿ ಲಂಡನ್ನಿನ ಮೂರು ಕೌನ್ಸಿಲ್, ವೆಸ್ಟ್‌ಮಿನ್‌ಸ್ಟರ್, ಕೆನ್ಸಿಂಗ್ಟನ್ ಅಂಡ್ ಚೆಲ್ಸಿ, ಹ್ಯಾಮರ್‌ಸ್ಮಿತ್ ಅಂಡ್ ಫುಲಮ್ ಮೂರೂ ಸೇರಿ ಟ್ರೈ ಬರೋ ಅಂತ ಮಾಡಿಕೊಂಡವು. ವಯಸ್ಕರ ಆರೈಕೆ, ಮಕ್ಕಳ ಸೇವೆ, ಲೈಬ್ರರಿ ಎಲ್ಲ ಹಂಚಿಕೆ. ಆಗ ಮೂರರಲ್ಲೂ ಕನ್ಸರ್ವೇಟಿವ್ ಆಡಳಿತ. 2014ರಲ್ಲಿ ಹ್ಯಾಮರ್‌ಸ್ಮಿತ್ ಲೇಬರ್ ಕೈಗೆ ಹೋಯಿತು. 2017ರಲ್ಲಿ ಉಳಿದಿಬ್ಬರು ಒಪ್ಪಂದ ಮುಗಿಸ್ತೀವಿ ಅಂತ ನೋಟಿಸ್ ಕೊಟ್ಟರು. ಆಮೇಲೆ ಅವರಿಬ್ಬರೇ ಬೈ ಬರೋ ಅಂತ ಮುಂದುವರಿಸಿದರು. ಡೈರೆಕ್ಟರು ಒಬ್ಬರೇ ಇದ್ದರೆ ಖರ್ಚು ಉಳಿಯುತ್ತೆ ನಿಜ. ಆದರೆ ಬೇರೆಯಾಗುವಾಗ ಯಾವ ಗುತ್ತಿಗೆ ಯಾರದ್ದು, ಯಾವ ಕಂಪ್ಯೂಟರಿನಲ್ಲಿ ಯಾರ ಫೈಲು ಅಂತ ಬಿಡಿಸೋದು ಅಣ್ತಮ್ಮಂದಿರು ಪಾಲಾದ ಹಾಗೇ.

ಇನ್ನೊಂದು ಕಡೆ ಒಡೆಯುವುದೂ ನಡೆದಿದೆ. ನಾರ್ಥಾಂಪ್ಟನ್‌ಶೈರ್ ಕೌಂಟಿ 2018ರಲ್ಲಿ ಕೈಯಲ್ಲಿ ಕಾಸಿಲ್ಲ ಅಂತ ಸೆಕ್ಷನ್ 114 ನೋಟಿಸ್ ಕೊಟ್ಟಿತು. 2021ರಲ್ಲಿ ಎರಡು ಕೌನ್ಸಿಲ್ ಆಯಿತು. ಕಂಬ್ರಿಯಾ 2023ರಲ್ಲಿ ಎರಡಾಯಿತು. ಒಂದು ಕಡೆ ಸೇರಿಸ್ತಾರೆ, ಇನ್ನೊಂದು ಕಡೆ ಕತ್ತರಿಸ್ತಾರೆ, ಎರಡಕ್ಕೂ ಕೊಡೋ ಕಾರಣ ದಕ್ಷತೆ.

ಲೋಕೋಪಯೋಗಿ ನಿವೃತ್ತ
ಬೆಂಗಳೂರು ಪಾಲಿಕೆ ನೆನಪಾಯಿತು. ಇರಲಿ ಬಿಡಿ, ಮಾತು ಎಲ್ಲಿಗೋ ಹೋಗುತ್ತದೆ.

ಬೆಣ್ಣೆದೋಸೆ ಯುಕೆ
ಹೋಗಲಿ ಸರ್, ಮಳೆ ಇನ್ನೂ ನಿಂತಿಲ್ಲ ಅಲ್ವಾ?

ಸಂಜೆ ಐದರ ಬಸ್ಸು
ತುಂಗಾ, ಉಪಯೋಗ ಆಗೋ ಮಾತು ಹೇಳ್ತೀನಿ. ನಮ್ಮ ಮಾವನಿಗೆ ಹೀಗೇ ಆಗಿತ್ತು. ನಾವು ಡೈರೆಕ್ಟ್ ಪೇಮೆಂಟ್ ತಗೊಂಡೆವು. ಕೌನ್ಸಿಲ್ಲು ಏಜೆನ್ಸಿಗೆ ಕೊಡುವ ಬದಲು ದುಡ್ಡನ್ನು ನಮ್ಮ ಖಾತೆಗೆ ಹಾಕುತ್ತೆ. ಅದಕ್ಕೆ ಬೇರೆ ಖಾತೆ ತೆರೆಯಬೇಕು. ಆ ದುಡ್ಡಲ್ಲಿ ನಮಗೆ ಬೇಕಾದ ಏಜೆನ್ಸಿ ಇಟ್ಟುಕೊಳ್ಳಬಹುದು, ಟೆಂಡರಿನಲ್ಲಿ ಗೆದ್ದಿರಬೇಕು ಅಂತ ಇಲ್ಲ. ಇಲ್ಲ ಅಂದರೆ ನೇರವಾಗಿ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು. ಆಗ ಮಾತ್ರ ಮಾಲೀಕರು ನೀವೇ. ಪಿಂಚಣಿ, ರಜೆ ಸಂಬಳ, ವಿಮೆ ಎಲ್ಲ ನಿಮ್ಮ ತಲೆಗೆ. ಮಗಳೇ ಆಗಿ ಒಂದೇ ಮನೆಯಲ್ಲಿದ್ದರೆ ನೀವೇ ಆ ದುಡ್ಡು ಸಂಬಳವಾಗಿ ತಗೊಳ್ಳೋಕೆ ಸಾಮಾನ್ಯವಾಗಿ ಬಿಡಲ್ಲ.

ಕಿರಿಕಿರಿ ಇದೆ, ಸುಳ್ಳು ಹೇಳಲ್ಲ. ಮೂರು ತಿಂಗಳಿಗೊಮ್ಮೆ ರಸೀದಿ ಸ್ಕ್ಯಾನ್ ಮಾಡಿ ಕಳಿಸಬೇಕು. ಒಂದು ಸಲ 4 ಪೌಂಡ್ ಬಸ್ ಟಿಕೆಟಿಗೆ ಮೂರು ಇಮೇಲ್ ಬರೆದಿದ್ದೇನೆ. ಆದರೆ ಮಾವ ಅದೇ ಮುಖ ನೋಡ್ತಾ ಏಳುತ್ತಿದ್ದರು.

ಹದಿನಾಲ್ಕು ಜನರ ಕಂಪನಿ
ಇದು ಒಳ್ಳೆ ದಾರಿ. ಆದರೆ ಕೌನ್ಸಿಲ್ ನಿಗದಿ ಮಾಡುವ ಡೈರೆಕ್ಟ್ ಪೇಮೆಂಟ್ ದರ ಏಜೆನ್ಸಿ ದರಕ್ಕಿಂತ ಕಡಿಮೆ ಇದ್ದರೆ ವ್ಯತ್ಯಾಸ ನಿಮ್ಮ ಕೈಯಿಂದ ಹೋಗುತ್ತೆ. ಆ ದುಡ್ಡಿನಲ್ಲಿ ಅಗತ್ಯ ಪೂರೈಸೋಕೆ ಆಗಲೇಬೇಕು ಅನ್ನೋದೂ ಕಾನೂನೇ. ಸಾಲಲ್ಲ ಅಂದರೆ ಲೆಕ್ಕ ಬರೆದು ಕೇಳಿ, ಸುಮ್ನೆ ಒಪ್ಕೋಬೇಡಿ.

ತುಂಗಾತೀರ
ಅಮ್ಮನ ಹೆಸರಲ್ಲಿ ಸ್ವಲ್ಪ ಉಳಿತಾಯ ಇದೆ. ಊರಲ್ಲಿ ಅಪ್ಪನ ಪಾಲಿನ ಸೈಟೂ ಇದೆ. ಅದೆಲ್ಲ ಕೇಳ್ತಾರಾ?

ಫೈಲು ನೋಡುವವ
ಕೇಳ್ತಾರೆ. ಇಂಗ್ಲೆಂಡಿನಲ್ಲಿ 23,250 ಪೌಂಡ್‌ಗಿಂತ ಜಾಸ್ತಿ ಇದ್ದರೆ ಪೂರ್ತಿ ಖರ್ಚು ಅವರದ್ದೇ. 14,250ಕ್ಕಿಂತ ಕಡಿಮೆ ಇದ್ದರೆ ಉಳಿತಾಯ ಮುಟ್ಟಲ್ಲ, ಪಿಂಚಣಿಯಂಥ ಆದಾಯ ಮಾತ್ರ ನೋಡ್ತಾರೆ. ಈ ಅಂಕಿ 2010ರಿಂದ ಕದಲಿಲ್ಲ. ಮನೆಯಲ್ಲೇ ಆರೈಕೆ ಆದರೆ ಅವರು ವಾಸ ಇರುವ ಮನೆಯನ್ನು ಲೆಕ್ಕಕ್ಕೆ ಹಿಡಿಯಲ್ಲ. ಊರಿನ ಸೈಟಿನ ವಿಷಯ ಮುಚ್ಚಿಡಬೇಡಿ, ಹೇಳಿಬಿಡಿ. ಆಮೇಲೆ ಗೊತ್ತಾದರೆ ವಸೂಲಿಗೆ ಬರ್ತಾರೆ.

ಇನ್ನು, ಎಲ್ಲಕ್ಕಿಂತ ಮೊದಲು ಅಮ್ಮನ ಕೇರ್ ಪ್ಲಾನ್‌ನ ರಿವ್ಯೂ ಕೇಳಿ. ಕೇರ್ ಆ್ಯಕ್ಟ್ ಸೆಕ್ಷನ್ 27. ಕೇರ್ ಪ್ಲಾನ್‌ನಲ್ಲಿ 'ಕನ್ನಡ ಬಿಟ್ಟು ಬೇರೆ ಭಾಷೆ ಅರ್ಥ ಆಗಲ್ಲ, ಅಪರಿಚಿತರಿಂದ ಸ್ನಾನಕ್ಕೆ ಒಪ್ಪಲ್ಲ' ಅಂತ ಬರೆಸಿ. 'ಕನ್ನಡ ಮಾತಾಡುವವರು ಇದ್ದರೆ ಅಮ್ಮನಿಗೆ ಇಷ್ಟ' ಅಂತ ಬರೆಯೋಕೆ ಬಿಡಬೇಡಿ. ಇಷ್ಟ ಅಂದರೆ ಪಕ್ಕಕ್ಕೆ ಇಡ್ತಾರೆ, ಅಗತ್ಯ ಅಂದರೆ ಉತ್ತರ ಕೊಡಬೇಕಾಗುತ್ತೆ. ಆ್ಯಪ್‌ನಲ್ಲಿ 'ಸ್ನಾನ ಬೇಡ ಎಂದರು' ಅಂತ ಇರೋ ದಿನಗಳ ಪಟ್ಟಿ ತೆಗೆಸಿ. ಆ ದಿನ ಯಾರು ಬಂದಿದ್ದರು ಅಂತ ಪಕ್ಕದಲ್ಲಿ ಬರೆಯಿರಿ. ನಾನು ಆ ಕಡೆ ಕೂತವನು. ಅಂಥ ಒಂದು ಹಾಳೆ ಬಂದರೆ ನಮಗೆ ತಪ್ಪಿಸಿಕೊಳ್ಳೋಕೆ ಆಗಲ್ಲ.

ನೈಟ್ ಶಿಫ್ಟ್
ಫೈಲು ಸಾಹೇಬ್ರೆ, ಈ ಮಾತು ಮೊದಲೇ ಹೇಳಬೇಕಿತ್ತು. ಮೊದಲ ಪೋಸ್ಟಿನಲ್ಲಿ ಸರ್ಕಾರಿ ಪತ್ರದ ಥರ ಶುರು ಮಾಡಿದ್ರಿ.

ಫೈಲು ನೋಡುವವ
ಅಭ್ಯಾಸ ಬಲ.

ಟೆಂಡರಿನಲ್ಲಿ ನಮಗೂ ಒಂದು ಕುರುಡು ಇದೆ, ಒಪ್ಪುತ್ತೇನೆ. ಮೂರು ಕೌನ್ಸಿಲ್ ಸೇರಿಸಿ ನಕ್ಷೆ ಹರಡಿ, ಏಳು ವಲಯ ಅಂತ ಗೆರೆ ಎಳೆಯುತ್ತೇವೆ. ವಲಯಕ್ಕೆ ಇಬ್ಬರು ಪ್ರೊವೈಡರ್. ಕೇರರ್ ನಡೆದುಕೊಂಡೇ ಮನೆಮನೆಗೆ ಹೋಗಬಹುದು, ಬಸ್ ಸ್ಟಾಪಿನಲ್ಲಿ ನಿಲ್ಲುವ ಸಮಯ ಉಳಿಯುತ್ತೆ. ಒಳ್ಳೆ ಯೋಚನೆಯೇ. ಆದರೆ ಕನ್ನಡವೋ ಬಾಂಗ್ಲಾದೇಶದ ಸಿಲ್ಹೆಟಿಯೋ ಮಾತಾಡುವ ಅಜ್ಜಿಯರು ವಲಯ ನೋಡಿ ವಾಸ ಮಾಡಲ್ಲ. ಅಲ್ಲೊಬ್ಬರು ಇಲ್ಲೊಬ್ಬರು. ಅವರಿಗಾಗಿ ವಲಯ ದಾಟಿ ಹೋಗುವ ಸಣ್ಣ ಏಜೆನ್ಸಿಗಳ ಒಂದು ಪ್ರತ್ಯೇಕ ಲಾಟ್ (ಟೆಂಡರಿನೊಳಗೆ ಬೇರೆ ಭಾಗ) ಇಡಿ ಅಂತ ನಾನು ಎರಡು ಸಲ ಬರೆದೆ. ಒಂದು ಸಲ ಇಟ್ಟರು. ಇನ್ನೊಂದು ಸಲ 'ಪ್ರಮಾಣ ಸಾಲದು' ಅಂತ ವಾಪಸ್ ಬಂತು.

ಹದಿನಾಲ್ಕು ಜನರ ಕಂಪನಿ
ಅಂಥ ಲಾಟ್ ಇಟ್ಟರೆ ನಾನು ನಾಳೆಯೇ ಬರ್ತೀನಿ. ಸಾವಿರ ಪದ ಬೇಕಾದರೂ ಬರೀತೀನಿ, ಚಿತ್ರ ಸಮೇತ.

ಇಂಜಿನಿಯರ್ ಮೊಗ್ಗು
ಟೆಂಡರ್ ಗೆದ್ದ ದೊಡ್ಡ ಕಂಪನಿಯೇ ಮುಳುಗಿದರೆ?

ಹಳೇ ಲಂಡನ್ನಿಗ
ಮುಳುಗಿದ್ದಾವೆ. 2011ರಲ್ಲಿ ಸದರ್ನ್ ಕ್ರಾಸ್ ಕೇರ್ ಹೋಮ್ ಕಂಪನಿ ಬಿದ್ದಾಗ 31,000 ಜನ ವಾಸಿಗಳಿದ್ದರು. ಕಂಪನಿಯವರು ಕಟ್ಟಡ ಮಾರಿ ಅದರಲ್ಲೇ ಬಾಡಿಗೆಗೆ ಇದ್ದರು, ಬಾಡಿಗೆ ಕಟ್ಟೋಕಾಗಲಿಲ್ಲ. ಆಮೇಲೆಯೇ ಕೇರ್ ಆ್ಯಕ್ಟ್‌ನಲ್ಲಿ ಪ್ರೊವೈಡರ್ ಮುಳುಗಿದರೆ ಅಲ್ಲಿನ ಜನರನ್ನು ಕೌನ್ಸಿಲ್ಲು ತಾತ್ಕಾಲಿಕವಾಗಿ ನೋಡಿಕೊಳ್ಳಬೇಕು, ಅವರು ಸ್ವಂತ ದುಡ್ಡಲ್ಲಿ ಇದ್ದರೂ ಸರಿ ಅಂತ ಸೇರಿಸಿದ್ದು.

ಸಂಜೆ ಐದರ ಬಸ್ಸು
ಏನಾದರೂ ತಕರಾರಾದರೆ ಮೊದಲು ಕೌನ್ಸಿಲ್ಲಿಗೆ ಬರಹದಲ್ಲಿ ದೂರು. ಆಮೇಲೆ ಒಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸುವ ಸ್ವತಂತ್ರ ಸಂಸ್ಥೆ. 'ಅದು ಏಜೆನ್ಸಿ ತಪ್ಪು' ಅಂತ ಕೌನ್ಸಿಲ್ಲು ಕೈ ತೊಳೆದುಕೊಳ್ಳೋಕಾಗಲ್ಲ. ಹೊರಗುತ್ತಿಗೆ ಕೊಟ್ಟರೂ ಕೆಲಸ ಅವರದ್ದೇ.

ತುಂಗಾತೀರ
ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ರಿವ್ಯೂ ಮುಗಿಯಿತು. ಸೋಶಿಯಲ್ ವರ್ಕರ್ ಮನೆಗೆ ಬಂದಿದ್ದರು. ಹಾಳೆ ಕೊಟ್ಟೆ: ಎರಡು ತಿಂಗಳಲ್ಲಿ ಹದಿನೇಳು ದಿನ ಸ್ನಾನ ಇಲ್ಲ, ಹದಿನೇಳೂ ದಿನ ಬೇರೆ ಬೇರೆ ಮುಖ. ಅವರು ಅದನ್ನೇ ಎರಡು ಸಲ ಓದಿದರು. ಬೆಳಗಿನ ಸರದಿಗೆ ಮಾತ್ರ ಡೈರೆಕ್ಟ್ ಪೇಮೆಂಟ್ ಕೊಡಬಹುದು ಅಂದಿದ್ದಾರೆ, ಕೌನ್ಸಿಲ್ಲಿನ ಪ್ಯಾನೆಲ್ (ಮಂಜೂರಾತಿ ಸಮಿತಿ) ಒಪ್ಪಬೇಕು. ಒಪ್ಪಿದರೆ ಹಳೇ ಏಜೆನ್ಸಿ ಮೂಲಕವೇ ದಾವಣಗೆರೆ ಹುಡುಗಿ ಬರ್ತಾಳೆ. ಅವಳ ವೀಸಾಗೆ ಏನೂ ತೊಂದರೆ ಆಗಲ್ಲ ಅಂತ ಅವರ ಮ್ಯಾನೇಜರ್ ಹೇಳಿದರು. ಉಳಿದ ಮೂರು ಸರದಿ ಹೊಸ ಕಂಪನಿಗೆ.

ಹೊಸಬರು ನಿನ್ನೆ ಬಂದಿದ್ದರು. ಕೊಟ್ಟಾಯಂ ಕಡೆಯ ಹೆಂಗಸು, ಕನ್ನಡ ಒಂದಕ್ಷರ ಬರಲ್ಲ. ಮಧ್ಯಾಹ್ನ ಉಪ್ಪಿಟ್ಟು ಬಿಸಿ ಮಾಡಿ, ತಾನೇ ಪುಟ್ಟ ಒಗ್ಗರಣೆ ಬೇರೆ ಹಾಕಿದ್ದಾರೆ. ನಾನು ಕ್ಯಾಮೆರಾದಲ್ಲಿ ನೋಡುತ್ತಿದ್ದೆ. ಅಮ್ಮ ಒಂದು ಚಮಚ ತಿಂದು 'ಕರಿಬೇವು ಜಾಸ್ತಿ ಆಯ್ತು' ಅಂತ ಅವರಿಗೆ ಗದರಿದರು. ಆಮೇಲೆ ಪೂರ್ತಿ ತಿಂದರು. ಸೆರಗು ಮಾತ್ರ ಬಿಡಲಿಲ್ಲ.

ನೈಟ್ ಶಿಫ್ಟ್
ಪ್ಯಾನೆಲ್ ಯಾವತ್ತು ಅಕ್ಕ?

ತುಂಗಾತೀರ
ಗುರುವಾರ.

ಬೆಣ್ಣೆದೋಸೆ ಯುಕೆ
ಗುರುವಾರ ಆದಮೇಲೆ ಬರೀರಿ. ಅಂದಹಾಗೆ ಆ ಕೊಟ್ಟಾಯಂ ಅಕ್ಕನಿಗೆ ಹಸಿ ಕರಿಬೇವು ಎಲ್ಲಿ ಸಿಕ್ಕಿತಂತೆ? ನಮ್ಮ ಕಡೆ ಒಣಗಿದ್ದು ಬಿಟ್ಟರೆ ಬೇರೆ ಸಿಗ್ತಿಲ್ಲ.